ಮೆಡಿಕಲ್ ಲೈನಿನ ಹುಡುಗಿ

ಪಿಯುಸಿ ರಿಸಲ್ಟ್ ಬಂದು, ನೀಟ್ ರಿಸಲ್ಟೂ ಬಂದು, ಅಪ್ಪ ಮಗಳು ಕೆಲವು ದಿನ ಮಾತು ಬಿಟ್ಟು, ಅಮ್ಮನ ಮಧ್ಯಸ್ಥಿಕೆಯಲ್ಲಿ ಸಂಧಾನವಾದ ಮೇಲೆ ನಮ್ಮ ಮನೆಗಳಲ್ಲಿ ಈ ಹುಡುಗಿಯ ಉದಯವಾಗುತ್ತದೆ. ಎಂಬಿಬಿಎಸ್‌ಗೆ ರ‍್ಯಾಂಕು ಸಾಲದು. ಎಂಜಿನಿಯರಿಂಗ್ ಅವಳಿಗೆ ಬೇಡ. ಪಿಸಿಎಂಬಿ ಓದಿಸಿದ ಕಾಲೇಜಿನ ಫೀಸು ನೆನೆಸಿಕೊಂಡರೆ ಬರೀ ಬಿ.ಎಸ್ಸಿ. ಅಪ್ಪನಿಗೆ ಬೇಡ. ಆಗ ಯಾರೋ ಒಬ್ಬ ಮಾವ, ಇಂಥ ಹೊತ್ತಿಗೆಂದೇ ದೇವರು ಎತ್ತಿಟ್ಟಿರುವ ಮಾವ, ಬಾಯಿ ಬಿಡುತ್ತಾನೆ: “ಅಲೈಡ್ ಹೆಲ್ತ್ ಸೈನ್ಸ್ ಅಂತ ಇದೆ ಭಾವ. ಲ್ಯಾಬ್ ಟೆಕ್ನಾಲಜಿ ಮಾಡಿಸಿ. ಜನಕ್ಕೆ ಕಾಯಿಲೆ ಬರೋ ತನಕ ಕೆಲಸಕ್ಕೆ ಮೋಸ ಇಲ್ಲ.”

ಸೀಟು ಸಿಕ್ಕ ದಿನ ಅಮ್ಮ ಬೀದಿಯವರಿಗೆ ಕೋರ್ಸಿನ ಹೆಸರು ಹೇಳುವುದಿಲ್ಲ. “ನಮ್ಮ ಹುಡುಗಿ ಮೆಡಿಕಲ್ ಲೈನಿಗೆ ಹೋದ್ಲು” ಎನ್ನುತ್ತಾಳೆ. ಕೇಳಿದವರು ಆ ಲೈನನ್ನು ತಮಗೆ ಬೇಕಾದಷ್ಟು ದೂರ ಎಳೆದುಕೊಳ್ಳುತ್ತಾರೆ. ಬೀದಿಯ ಕೊನೆ ಮುಟ್ಟುವಾಗ ಅವಳು ಡಾಕ್ಟರು. ಮುಂದಿನ ಬೀದಿಯಲ್ಲಿ ಹಾರ್ಟ್ ಸ್ಪೆಷಲಿಸ್ಟು. ಹುಡುಗಿ ಮೊದಮೊದಲು ಪ್ರಾಮಾಣಿಕವಾಗಿ ತಿದ್ದುತ್ತಾಳೆ. “ಡಾಕ್ಟರ್ ಅಲ್ಲ ಆಂಟಿ, ಎಂಎಲ್‌ಟಿ.”

“ಗೊತ್ತಮ್ಮ, ಮೊದಲು ಅದು ಮುಗಿಸಿಕೊಂಡು ಆಮೇಲೆ ಡಾಕ್ಟರ್ ಆಗೋದು.”

ಎರಡು ಮೂರು ಆಂಟಿಯರಾಗುವಷ್ಟರಲ್ಲಿ ತಿದ್ದುವುದು ನಿಂತುಹೋಗುತ್ತದೆ. ಗೌರವ ತಾನಾಗಿ ಮನೆಬಾಗಿಲಿಗೆ ಬಂದಾಗ ಎಷ್ಟು ಸಲ ಅಂತ ವಾಪಸ್ ಕಳಿಸುವುದು?

ಮೊದಲ ಸಲ ರಜಕ್ಕೆ ಊರಿಗೆ ಬರುವಾಗ ಏಪ್ರನ್ ಅವಳ ಬ್ಯಾಗಿನಲ್ಲಿರುವುದಿಲ್ಲ. ಮೊಣಕೈ ಮೇಲೆ ಮಡಿಸಿ ಹಾಕಿಕೊಂಡು, ಜೇಬಿನ ಮೇಲಿನ ಕಾಲೇಜಿನ ಲಾಂಛನ ಸಹಪ್ರಯಾಣಿಕರಿಗೆ ಕಾಣುವಂತೆ ಹೊರಮುಖ ಮಾಡಿಕೊಂಡು ಕೆಂಪು ಬಸ್ಸಿನಿಂದ ಇಳಿಯುತ್ತಾಳೆ. ಕತ್ತಿನಲ್ಲಿ ಸ್ಟೆತಾಸ್ಕೋಪು. ಲ್ಯಾಬಿನವರಿಗೆ ಅದೇಕೆ ಎಂದು ಕೇಳಬೇಡಿ. ಫಿಸಿಯಾಲಜಿ ಪ್ರಾಕ್ಟಿಕಲ್‌ನಲ್ಲಿ ಬಿಪಿ ನೋಡುವುದಿದೆ. ಕೊಳ್ಳಲು ಅಷ್ಟು ನೆಪ ಸಾಕು.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಕ್ಲಿನಿಕ್ಕು ತೆರೆಯುತ್ತದೆ. ಸೀನಿಯರ್ ಹತ್ತಿರ ಕಡ ತಂದ ಬಿಪಿ ಯಂತ್ರ, ತೋಳು ಮಡಚಿಕೊಂಡು ಸಾಲಾಗಿ ಕೂತ ನೆರೆಹೊರೆ. ಪಟ್ಟಿ ಸುತ್ತುತ್ತಾಳೆ, ಬುಸ್ ಬುಸ್ ಎಂದು ಗಾಳಿ ಒತ್ತುತ್ತಾಳೆ, ಕಣ್ಣು ಅರ್ಧ ಮುಚ್ಚಿ ಆಲಿಸುತ್ತಾಳೆ. ರಷ್ಯದ ಸರ್ಜನ್ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ವಿವರಿಸಿದ ಆ ಟಕ್ ಟಕ್ ಸದ್ದು ಇವಳ ಕಿವಿಗೆ ಬೀಳುವುದಕ್ಕೆ ಇನ್ನೂ ಬಹಳ ದಿನ ಇದೆ. ಹಾಗೆಂದು ಒಪ್ಪಿಕೊಳ್ಳಲಾದೀತೆ? ಎಲ್ಲರಿಗೂ 120/80. ಆ ಬೀದಿ ಅಷ್ಟು ಆರೋಗ್ಯವಾಗಿ ಹಿಂದೆಂದೂ ಇರಲಿಲ್ಲ. ಪಿಂಚಣಿದಾರರೊಬ್ಬರು ಖುಷಿಯಾಗಿ ಅವತ್ತಿನ ಮಾತ್ರೆಯನ್ನೇ ಬಿಡಲು ಹೊರಟು, ಅವರ ಹೆಂಡತಿಯ ಸಮಯಪ್ರಜ್ಞೆಯಿಂದ ಉಳಿದುಕೊಂಡರು.

ಹಿಂದೆ ಮನೆಗಳಲ್ಲಿ ಇಂಥ ಡಾಕ್ಟರಿಕೆ ನಡೆಸುತ್ತಿದ್ದುದು ಕಪಾಟಿನ ಪುಸ್ತಕಗಳು. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ ಎಷ್ಟು ಮನೆಗಳಲ್ಲಿ ಮೈ ಸವೆಸಿಕೊಂಡಿಲ್ಲ! ಪುಸ್ತಕಕ್ಕೊಂದು ಸದ್ಗುಣವಿತ್ತು: ತೆರೆದರೆ ಮಾತ್ರ ಮಾತಾಡುತ್ತಿತ್ತು. ಈ ಹುಡುಗಿಯನ್ನು ತೆರೆಯಬೇಕಿಲ್ಲ.

“ಹೊಟ್ಟೆ ನೋಯ್ತದೆ ಕಣೇ” ಎಂದು ಅಜ್ಜಿ ಗೋಡೆಗೊರಗಿದರೆ ಸಾಕು.

“ಎಲ್ಲಿ ಅಜ್ಜಿ?”

“ಹೊಟ್ಟೇಲಿ.”

“ಹಾಗಲ್ಲ. ಹೊಟ್ಟೇನ ಒಂಬತ್ತು ಭಾಗ ಮಾಡಿರ್ತಾರೆ. ಎಪಿಗ್ಯಾಸ್ಟ್ರಿಕ್ಕಾ, ಅಂಬಿಲಿಕಲ್ಲಾ, ರೈಟ್ ಹೈಪೋಕಾಂಡ್ರಿಯಮ್ಮಾ?”

“ಭಾಗ ಮಾಡೋರು ನಿಮ್ಮ ತಾತ ಇದ್ದಾಗ ಜಮೀನು ಭಾಗ ಮಾಡಿದ್ರೆ ಆಗ್ತಿತ್ತು” ಎಂದು ಅಜ್ಜಿ ಎದ್ದು ಹೋಗಿ ಓಮದ ಕಷಾಯ ಕುಡಿದು ಮಲಗುತ್ತಾಳೆ. ಸಂಜೆಗೆ ನೋವು ಹೋಗಿರುತ್ತದೆ. ಮೊಮ್ಮಗಳು ಮಾತ್ರ ಅದು ಯಾವ ಭಾಗದ್ದು ಎಂದು ಗೊತ್ತಾಗದೆ ಚಡಪಡಿಸುತ್ತಿರುತ್ತಾಳೆ.

ನಗುವುದು ಸುಲಭ, ಅವಳ ಪಾಡೂ ನೋಡಬೇಕು. ಮೈಯಲ್ಲಿ 206 ಮೂಳೆ, ಅವುಗಳಲ್ಲಿ ಮಣಿಕಟ್ಟೊಂದರಲ್ಲೇ ಎಂಟು. ಸ್ಕ್ಯಾಫಾಯ್ಡ್, ಲುನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್, ಟ್ರಪೀಜಿಯಂ, ಟ್ರಪಿಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ವೈವಾದಲ್ಲಿ ಎದುರಿಗೆ ಕೂತವರು ಒಂದು ಕಲ್ಲಿನಂಥದ್ದನ್ನು ಅಂಗೈಗಿಟ್ಟು “ಹೇಳಮ್ಮ” ಎನ್ನುತ್ತಾರೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯರು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ತಲೆ ಕೆರೆದುಕೊಂಡು ಒಂದು ಸೂತ್ರ ಕಟ್ಟಿದ್ದಾರೆ: ಸುಬ್ಬಣ್ಣ ಲಾಡು ತಿಂದ, ಪಕ್ಕದವನ ತಟ್ಟೆಯದೂ ತಿಂದ, ಕಡೆಗೆ ಹಲ್ಲುನೋವು. ಮೊದಲಕ್ಷರ ಹಿಡಿದುಕೊಂಡು ಹೋದರೆ ಎಂಟೂ ಮೂಳೆ ಸಾಲಾಗಿ ಬರುತ್ತವೆ. ಪರೀಕ್ಷೆಯ ದಿನ ಒಬ್ಬಳು ಗಾಬರಿಯಲ್ಲಿ ಮೂಳೆಯ ಹೆಸರು ಬಿಟ್ಟು “ಸುಬ್ಬಣ್ಣ ಸರ್” ಎಂದಳಂತೆ. ಆ ಪರೀಕ್ಷಕರ ಹೆಸರು ಸುಬ್ಬಣ್ಣ ಅಲ್ಲದಿದ್ದುದು ಅವಳ ಪುಣ್ಯ.

ಪಾಠ ಮುಂದುವರಿದಂತೆ ಕಾಯಿಲೆಗಳೂ ಬರುತ್ತವೆ, ಮೊದಲು ಅವಳಿಗೇ. ಮೈಕ್ರೊಬಯಾಲಜಿಯಲ್ಲಿ ಟೈಫಾಯ್ಡ್ ಪಾಠವಾದ ವಾರ ಸಂಜೆ ಸಂಜೆಗೆ ಮೈ ಬಿಸಿ. ಪೆಥಾಲಜಿಯಲ್ಲಿ ಲಿಂಫ್ ಗ್ರಂಥಿ ಬಂದ ದಿನ ದವಡೆ ಕೆಳಗೆ ಏನೋ ಕೈಗೆ ಸಿಗುತ್ತದೆ. ರೂಮಿನ ನಾಲ್ವರೂ ಒಬ್ಬರ ದವಡೆ ಒಬ್ಬರು ಮುಟ್ಟಿ ನೋಡಿ, ನಾಲ್ವರಿಗೂ ಸಿಗುತ್ತದೆಂದು ತಿಳಿದ ಮೇಲೆ ಸಮಾಧಾನವಾಗಿ ಊಟಕ್ಕೆ ಹೋಗುತ್ತಾರೆ. ತನ್ನ ಮೈಯಲ್ಲಿ ಜಾಗ ಮುಗಿದಾಗ ನೆಂಟರ ಕಡೆ ತಿರುಗುತ್ತಾಳೆ. ಥೈರಾಯ್ಡ್ ಗ್ರಂಥಿ ನುಂಗುವಾಗ ಮೇಲೆ ಏರುತ್ತದೆ ಎಂದು ಓದಿದವಳು ಆಮೇಲೆ ಮದುವೆ ಛತ್ರಕ್ಕೆ ಹೋದರೆ ಎಲೆಯಲ್ಲಿ ಏನು ಬಡಿಸಿದರು ಎಂದು ನೋಡುವುದೇ ಇಲ್ಲ. ಎದುರು ಪಂಕ್ತಿಯಲ್ಲಿ ಹೋಳಿಗೆ ನುಂಗುತ್ತಿರುವ ಇಪ್ಪತ್ತು ಕುತ್ತಿಗೆಗಳ ಮೇಲೇ ಕಣ್ಣು. “ಆ ಹುಡುಗಿ ಯಾಕೆ ಹಾಗೆ ನೋಡ್ತಾಳೆ, ನಾನು ಎಷ್ಟು ಹೋಳಿಗೆ ತಿಂದೆ ಅಂತ ಲೆಕ್ಕ ಹಾಕ್ತಿದಾಳಾ?” ಎಂದು ಹುಡುಗನ ಕಡೆಯ ಹಿರಿಯರೊಬ್ಬರು ಅರ್ಧಕ್ಕೇ ಎದ್ದದ್ದೂ ಉಂಟು.

ವಿಚಿತ್ರವೆಂದರೆ ಅಜ್ಜಿಗೂ ಮೊಮ್ಮಗಳಿಗೂ ರಾಜಿಯಾಗುವುದು ಮೈಕ್ರೊಬಯಾಲಜಿಯಲ್ಲಿ. ಮಡಿ, ಎಂಜಲು, ಮುಸುರೆ ಎಂದು ಜನ್ಮವೆಲ್ಲ ಬೈಸಿಕೊಂಡ ಅಜ್ಜಿಗೆ ಮೊಮ್ಮಗಳೇ ಬಂದು ಸೋಪು ಹಚ್ಚಿ ನಲವತ್ತು ಸೆಕೆಂಡಾದರೂ ಕೈ ತೊಳೆಯಬೇಕು, ಬೆರಳ ಸಂದಿ ಬಿಡಬಾರದು ಎಂದು ಪಾಠ ಹೇಳಿದರೆ ಹೇಗಾಗಬೇಡ! ಲ್ಯಾಬಿನ ಆಟೊಕ್ಲೇವಿನ ವರ್ಣನೆಯನ್ನಂತೂ ಅಜ್ಜಿ ಕಿವಿ ನಿಮಿರಿಸಿ ಕೇಳಿದಳು. ಹದಿನೈದು ಪೌಂಡ್ ಒತ್ತಡದ ಹಬೆ, 121 ಡಿಗ್ರಿ ಸೆಲ್ಸಿಯಸ್, ಹದಿನೈದು ನಿಮಿಷ. ಯಾವ ಕ್ರಿಮಿಯೂ ಉಳಿಯುವುದಿಲ್ಲ. “ಕುಕ್ಕರ್ ಅನ್ನು” ಎಂದಳು ಅಜ್ಜಿ. ಹೌದಲ್ಲ, ತತ್ತ್ವ ಅದೇ, ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಬ್ಯಾಕ್ಟೀರಿಯ ಬೆಳೆಸಲು ಬಳಸುವ ಅಗರ್ ಕೂಡ ಅಡಿಗೆಮನೆಯಿಂದಲೇ ಪ್ರಯೋಗಾಲಯಕ್ಕೆ ಹೋದದ್ದು. ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆ ಜೆಲಟಿನ್ ಬೇಸಿಗೆಯಲ್ಲಿ ಕರಗಿಹೋಗುತ್ತದೆಂದು ಪೇಚಾಡುತ್ತಿದ್ದಾಗ, ತಾನು ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರನ್ನು ಸೂಚಿಸಿದವಳು ಅವನ ಹೆಂಡತಿ ಫ್ಯಾನಿ, 1881ರ ಮಾತು. ಇಂದಿಗೂ ಪ್ರಪಂಚದ ಲ್ಯಾಬುಗಳೆಲ್ಲ ಅದರ ಮೇಲೇ ನಡೆಯುತ್ತಿವೆ. ಇದನ್ನು ಕೇಳಿದ ಮೇಲೆ ಅಜ್ಜಿಗೆ ಮೊಮ್ಮಗಳ ಓದಿನ ಮೇಲೆ ಮೊದಲ ಬಾರಿ ಗೌರವ ಬಂತು.

ಎರಡನೆಯ ವರ್ಷಕ್ಕೆ ದಾಟಿ ರಕ್ತ ಎಳೆಯುವ ಅಭ್ಯಾಸ ಶುರುವಾದಾಗ ಅವಳ ದೃಷ್ಟಿ ಜನರ ಮುಖದಿಂದ ತೋಳಿಗೆ ಇಳಿಯುತ್ತದೆ. ರಬ್ಬರಿನ ತೋಳಿಗೆ ಚುಚ್ಚಿದ್ದು ಸಾಕಾಗಿ ಗೆಳತಿಯರು ಒಬ್ಬರಿಗೊಬ್ಬರು ತೋಳು ಒಡ್ಡುತ್ತಾರೆ. ಯಾವ ಸ್ನೇಹ ಗಟ್ಟಿ, ಯಾವುದು ಟೊಳ್ಳು ಅಂತ ಅಲ್ಲಿಯೇ ತೀರ್ಮಾನ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಕಂಡಕ್ಟರ ತೋಳಿನಲ್ಲಿ ಹಗ್ಗದಂತೆ ಎದ್ದ ರಕ್ತನಾಳ ಕಂಡರೆ ಪಕ್ಕದವಳನ್ನು ತಿವಿದು, “ನೋಡೇ, ಎಂಥಾ ವೇನ್!” ಎನ್ನುತ್ತಾಳೆ. ಚಿಲ್ಲರೆ ಕೊಡಲು ಬಂದ ಕಂಡಕ್ಟರಿಗೆ ಏನೂ ಅರ್ಥವಾಗುವುದಿಲ್ಲ. ಸೀರೆ ಅಂಗಡಿಯಲ್ಲಿ ಅಮ್ಮ ನೇರಳೆ ಬಣ್ಣದ್ದು ಹುಡುಕುತ್ತಿದ್ದರೆ, “ಇಡಿಟಿಎ ಕಲರ್ ತೋರಿಸಿ” ಎಂದು ಸೇಲ್ಸ್‌ನವನನ್ನು ಕಕ್ಕಾಬಿಕ್ಕಿಯಾಗಿಸುತ್ತಾಳೆ. ನೇರಳೆ ಮುಚ್ಚಳದ ಟ್ಯೂಬು ಇಡಿಟಿಎ, ನೀಲಿ ಸಿಟ್ರೇಟ್, ಬೂದು ಫ್ಲೋರೈಡ್. ಅವಳಿಗೀಗ ಕಾಮನಬಿಲ್ಲು ಅಂದರೂ ಟ್ಯೂಬುಗಳ ಸ್ಟ್ಯಾಂಡೇ.

ವಧುಪರೀಕ್ಷೆಯ ಪ್ರಸಂಗ ಹೇಳದಿದ್ದರೆ ತಪ್ಪಾದೀತು. ಹುಡುಗನ ಕಡೆಯವರು ಬಂದು ಹೋದ ಮೇಲೆ ಅಮ್ಮ ಬಾಗಿಲು ಮುಂದೆ ಮಾಡಿ ಕೇಳಿದಳು, “ಹುಡುಗ ಹೇಗಿದ್ದಾನೇ?”

“ಮೀಡಿಯನ್ ಕ್ಯುಬಿಟಲ್ ಚೆನ್ನಾಗಿದೆ ಅಮ್ಮ. ಒಂದೇ ಪ್ರಿಕ್‌ಗೆ ಸಿಗುತ್ತೆ.”

ಹಾಸ್ಟೆಲಿನ ಉಳಿದವರೂ ಕಮ್ಮಿಯಿಲ್ಲ. ಇಮೇಜಿಂಗ್ ಓದುವವಳು ಗ್ರೂಪ್ ಫೋಟೊ ತೆಗೆಯುವಾಗ ‘ಸ್ಮೈಲ್’ ಅನ್ನುವುದಿಲ್ಲ. “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ” ಎನ್ನುತ್ತಾಳೆ. ಅನಸ್ತೇಷಿಯಾ ಟೆಕ್ನಾಲಜಿಯವಳು ಆಕಳಿಸಿದವರ ಬಾಯೊಳಗೆ ಇಣುಕಿ ಟ್ಯೂಬು ಹಾಕಲು ಎಷ್ಟು ಜಾಗವಿದೆ ಎಂದು ಅಳೆಯುತ್ತಾಳೆ. ಡಯಾಲಿಸಿಸ್‌ನವಳು ಮಾತ್ರ ಮೊದಲಿನಿಂದಲೂ ಮಿತಭಾಷಿ. ವಾರಕ್ಕೆರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ, ಅದೇ ರೋಗಿಗಳ ಪಕ್ಕ ನಿಲ್ಲುವ ಪೋಸ್ಟಿಂಗ್ ಅವಳದು. ಅವರ ಮೊಮ್ಮಕ್ಕಳ ಹೆಸರೂ ಅವಳಿಗೆ ಗೊತ್ತು.

ಈ ಕಡೆ ಸಾಮಾನ್ಯವಾಗಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆ ಕೊನೆಯ ವರ್ಷದಲ್ಲಿ ನಮ್ಮ ಹುಡುಗಿಗೆ ಏನೋ ಆಗುತ್ತದೆ. ಮಾತು ಕಡಿಮೆಯಾಗುತ್ತದೆ. ತೋಳಿಗೆ ಪಟ್ಟಿ ಬಿಗಿದು ಒಂದು ನಿಮಿಷ ಮೀರಬಾರದು, ರೋಗಿ ಪದೇ ಪದೇ ಮುಷ್ಟಿ ಬಿಗಿದು ಬಿಡುತ್ತಿದ್ದರೆ ಪೊಟ್ಯಾಶಿಯಂ ಸುಳ್ಳೇ ಏರುತ್ತದೆ, ಸಿರಿಂಜಿನಲ್ಲಿ ಜೋರಾಗಿ ಎಳೆದರೆ ಕೆಂಪು ರಕ್ತಕಣ ಒಡೆದು ಮತ್ತಷ್ಟು ಏರುತ್ತದೆ. ಮೂರೂವರೆಯಿಂದ ಐದರೊಳಗೆ ಇರಬೇಕಾದ ಪೊಟ್ಯಾಶಿಯಂ ಏಳು ಎಂದು ಕಾಗದದ ಮೇಲೆ ಬಂದರೆ ವಾರ್ಡಿನಲ್ಲಿ ಓಡಾಟ ಶುರುವಾಗುತ್ತದೆ. ಆ ಏಳು ರೋಗಿಯದೋ, ತನ್ನ ಕೈಯದೋ ಎಂದು ಮೊದಲು ಅನುಮಾನ ಪಡಬೇಕಾದವಳು ಅವಳೇ. ಮೂರು ಸಾವಿರ ಕಾಯಿಲೆ ಹೆಸರು ಬಾಯಿಗೆ ಬರುತ್ತಿದ್ದಾಗ ಇಲ್ಲದ ಅಂಜಿಕೆ ಒಂದು ಟ್ಯೂಬಿನ ಮೇಲೆ ಸರಿಯಾದ ಹೆಸರು ಅಂಟಿಸುವಾಗ ಬಂದಿರುತ್ತದೆ.

ಈಗಲೂ ರಾತ್ರಿ ಹನ್ನೊಂದಕ್ಕೆ ನೆಂಟರ ವಾಟ್ಸ್ಯಾಪು ಬರುತ್ತದೆ, ಮಸುಕು ಮಸುಕು ರಿಪೋರ್ಟಿನ ಫೋಟೊ ಸಮೇತ: “ಪುಟ್ಟಿ, ಇದರಲ್ಲಿ ಸ್ಟಾರ್ ಹಾಕಿದಾರೆ, ಏನು?” ಅವಳ ಉತ್ತರ ಒಂದೇ ಸಾಲು. “ಡಾಕ್ಟರಿಗೆ ತೋರಿಸಿ ದೊಡ್ಡಮ್ಮ.” ಬೀದಿಗೆ ಇದು ಭಾರೀ ನಿರಾಸೆ. “ಫಸ್ಟ್ ಇಯರ್‌ನಲ್ಲಿ ಎಷ್ಟು ಚೆನ್ನಾಗಿ ಹೇಳ್ತಿದ್ಲು! ಓದ್ತಾ ಓದ್ತಾ ದಡ್ಡಿ ಆದ್ಲು.” ನನ್ನನ್ನು ಕೇಳಿದರೆ ಕೋರ್ಸು ಸಫಲವಾಯಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ.

ಡಾಕ್ಟರ ಬಗ್ಗೆ ಕನ್ನಡದಲ್ಲಿ ನಗೆಗೆ ಬರವಿಲ್ಲ. ಸ್ವತಃ ಡಾಕ್ಟರಾದ ರಾ.ಶಿ.ಯವರು 1942ರಲ್ಲಿ ‘ಕೊರವಂಜಿ’ಯನ್ನೇ ಹೊರಡಿಸಿ ನಾಡನ್ನು ನಗಿಸಿದರು. ರಕ್ತ ಎಳೆದು, ಸ್ಲೈಡ್ ನೋಡಿ, ಎಕ್ಸ್‌ರೇ ತೆಗೆದು ಡಾಕ್ಟರ ಮುಂದೆ ಇಡುವವರನ್ನು ಗೇಲಿಗೂ ಯಾರೂ ನೆನೆಯುವುದಿಲ್ಲ. 2021ರಲ್ಲಿ ಸಂಸತ್ತು ಇವರಿಗಾಗಿ ಒಂದು ಕಾಯಿದೆ ಮಾಡಿ, ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಸೇರಿಸಿ, ರಾಷ್ಟ್ರೀಯ ಆಯೋಗಕ್ಕೂ ನೋಂದಣಿಗೂ ದಾರಿ ಮಾಡಿತು. ಕಾಯಿದೆಯ ಸುದ್ದಿ ನಮ್ಮ ಬೀದಿಗೆ ಇನ್ನೂ ಮುಟ್ಟಿಲ್ಲ. ಅಲ್ಲಿ ಇವಳು ಒಂದೋ ಡಾಕ್ಟರು, ಇಲ್ಲವೇ ‘ಲ್ಯಾಬ್ ಹುಡುಗಿ’. ನಡುವೆ ಏನೂ ಇಲ್ಲ.

ಬೆಳಿಗ್ಗೆ ಏಳಕ್ಕೆ ಆ ಲ್ಯಾಬ್ ಹುಡುಗಿ ಕೌಂಟರಿನಲ್ಲಿ ಕೂತಿರುತ್ತಾಳೆ. ಎದುರಿಗೆ ಶುಗರ್ ಟೆಸ್ಟಿಗೆ ಬಂದ ಯಜಮಾನರು.

“ಏನಾದ್ರೂ ತಿಂದಿದ್ದೀರಾ ಸರ್?”

“ಇಲ್ಲಮ್ಮ, ಖಾಲಿ ಹೊಟ್ಟೆ.”

“ಕಾಫಿ?”

“ಕಾಫಿ ಆಯ್ತು. ಅದು ತಿನ್ನೋದಲ್ಲವಲ್ಲ.”

ದಿನಕ್ಕೆ ಹತ್ತಾರು ಜನ ಇದೇ ವಾದ ಹೂಡುತ್ತಾರೆ. ವಾಪಸ್ ಕಳಿಸಿದರೆ ಅವಳ ಮೇಲೇ ರೇಗುತ್ತಾರೆ. ಆದ್ದರಿಂದ ನಾಳೆ ಬೆಳಿಗ್ಗೆ ಶುಗರ್ ನೋಡಿಸಲು ಹೊರಟಿದ್ದರೆ, ದಯವಿಟ್ಟು, ಎಂಟು ಗಂಟೆ ಹೊಟ್ಟೆಗೆ ಏನೂ ಬೇಡ. ಸಕ್ಕರೆ ಹಾಕದ ಕಾಫಿಯೂ ಬೇಡ. ನೀರು ಧಾರಾಳವಾಗಿ ಕುಡಿಯಬಹುದು, ಅದರಿಂದ ಅವಳಿಗೆ ವೇನ್ ಬೇಗ ಸಿಗುತ್ತದೆ.