ಬ್ಯಾಗು ಮುಚ್ಚುವ ಕ್ಷಣ: ಒಂದು ಸಾಮೀಪ್ಯ ಮೀಮಾಂಸೆ

ಬೇಸಿಗೆ ಬಂತೆಂದರೆ ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ರಜೆಗೋ ಅಮೆರಿಕಕ್ಕೆ ಹೊರಡುವ ಹಿರಿಯರ ತಯಾರಿಯನ್ನು ನಮ್ಮ ಶಾಸ್ತ್ರಕಾರರು ಯಾಕೋ ಕೈಗೆತ್ತಿಕೊಂಡಿಲ್ಲ. ಊರು ದೂರವಾದಷ್ಟೂ ತಯಾರಿ ದೊಡ್ಡದು ಎಂದು ಲೋಕ ನಂಬಿಕೊಂಡಿದೆ. ಆ ನಂಬಿಕೆಯ ಖಂಡನೆಯೇ ಈ ಪ್ರಬಂಧದ ಉದ್ದೇಶ. ನಮ್ಮ ಪ್ರತಿಜ್ಞೆ ಇಷ್ಟು: ವಿಮಾನ ನಿಲ್ದಾಣ ಮನೆಗೆ ಹತ್ತಿರವಾದಷ್ಟೂ ತಯಾರಿ ಹಿಗ್ಗುತ್ತದೆ. ಹೇತು, ಹತ್ತಿರದವರ ಬ್ಯಾಗು ಮುಚ್ಚುವುದೇ ಇಲ್ಲ. ದೃಷ್ಟಾಂತಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗದು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್ ಬಿಟ್ಟು ದೇವನಹಳ್ಳಿ ತಾಲ್ಲೂಕಿಗೆ ಬಂದು ಕೂತಿತು, ಮುಂದೆ ಕೆಂಪೇಗೌಡರ ಹೆಸರನ್ನೂ ಪಡೆಯಿತು. ಜೊತೆಗೆ ಅದು ಒಂದು ಶಾಸ್ತ್ರಕ್ಕೇ ಪ್ರಯೋಗಶಾಲೆಯಾದದ್ದು ಯಾರ ಗಮನಕ್ಕೂ ಬರಲಿಲ್ಲ.

ಹೋಲಿಕೆಗೆ ಬೀದರ್‌ನವರನ್ನು ತೆಗೆದುಕೊಳ್ಳಿ. ಹಿಂದಿನ ರಾತ್ರಿಯ ರೈಲು ಹಿಡಿಯಬೇಕಾದವರು ಸೂಟ್‌ಕೇಸನ್ನು ಮನೆಯಲ್ಲೇ ತೂಗಿ, ಹಗ್ಗ ಬಿಗಿದು, ಬೀಗ ಹಾಕಿ ಹೊರಡುತ್ತಾರೆ. ಆಮೇಲೆ ಸೋದರತ್ತೆ ಹುರಿಗಾಳಿನ ಡಬ್ಬ ಹಿಡಿದು ಬಂದರೂ ರೈಲು ಹೊರಟಾಗಿದೆ. ದೊಡ್ಡಬಳ್ಳಾಪುರದವರಿಗೆ ಈ ಭಾಗ್ಯವಿಲ್ಲ. ವಿಮಾನ ರಾತ್ರಿಯದು, ದಾರಿ ಒಂದು ಗಂಟೆಯೊಳಗಿನದು. ಆದ್ದರಿಂದ ಸಂಜೆಯವರೆಗೂ ಬ್ಯಾಗಿನ ಬಾಯಿ ತೆರೆದೇ ಇರುತ್ತದೆ. ಘಾಟಿ ಸುಬ್ರಹ್ಮಣ್ಯನ ಪ್ರಸಾದ ಮಧ್ಯಾಹ್ನ ಬರುತ್ತದೆ, ಮಿಲ್ಲಿನಿಂದ ಇನ್ನೂ ಬಿಸಿಯಾಗಿರುವ ರಾಗಿಹಿಟ್ಟು ನಾಲ್ಕಕ್ಕೆ. ಹೊಸಕೋಟೆಯ ಬೀಗರು ಮನೆಗೆ ಬರಲು ತಡವಾಯಿತೆಂದು ನೇರ ನಿಲ್ದಾಣಕ್ಕೇ ಚಟ್ನಿಪುಡಿ ತರುತ್ತಾರೆ. ಸಂಡಿಗೆ ಹಪ್ಪಳಗಳ ಮಾತೇ ಬೇರೆ: ಅವು ಒಣಗುವ ಬಿಸಿಲೂ ಟಿಕೆಟ್ಟಿನ ತಿಂಗಳೂ ಒಂದೇ ಆಗಿರುವುದರಿಂದ ತಾರಸಿಯೇ ಪ್ರತಿದಿನ ಹೊಸ ಸರಕು ಒದಗಿಸುತ್ತಿರುತ್ತದೆ.

ಇನ್ನೂ ಸೂಕ್ಷ್ಮವಾದದ್ದು ತೂಕದ ವಿಚಾರ. ಅಮೆರಿಕದ ಬಹುಪಾಲು ಟಿಕೆಟ್ಟುಗಳಲ್ಲಿ ತಲೆಗೆ 23 ಕೆ.ಜಿ.ಯ ಎರಡು ಬ್ಯಾಗು, ದಂಪತಿಗೆ ಒಟ್ಟು 92 ಕೆ.ಜಿ. ವಿಮಾನ ಕಂಪನಿಗೆ ಇದು ಗರಿಷ್ಠ ಮಿತಿ, ನಮ್ಮ ಶಾಸ್ತ್ರಕ್ಕೆ ಕನಿಷ್ಠ. ಖಾಲಿ ಹೋದ ಪ್ರತಿ ಕಿಲೋವೂ ಮನೆಗಾದ ನಷ್ಟ. ಕೌಂಟರಿನಲ್ಲಿ ಮೂರು ಕಿಲೋ ಹೆಚ್ಚಾದರೆ ಬೀದರ್‌ನವರು ಅದನ್ನು ಕಳೆದುಕೊಂಡಂತೆಯೇ ಸರಿ. ದೇವನಹಳ್ಳಿಯವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಬೀಳ್ಕೊಡಲು ಬಂದ ಟೆಂಪೊ ಟ್ರಾವೆಲರ್ ಬಾಗಿಲಾಚೆ ನಿಂತೇ ಇರುತ್ತದೆ, ತೆಗೆದ ಪೊಟ್ಟಣ ಅದರಲ್ಲಿ ಮನೆ ಸೇರುತ್ತದೆ, ಮರುದಿನ ಬೆಳಿಗ್ಗೆ ಸಾರಿಗೂ ಬೀಳುತ್ತದೆ. ತಪ್ಪಿಗೆ ದಂಡವೇ ಇಲ್ಲದ ಕಡೆ ಸರಿಯಾಗಿ ತೂಗುವವರಾರು?

ಪೂರ್ವಪಕ್ಷದವರು ಮೊದಲು ಎತ್ತುವುದು ಅಂಗಡಿಯ ಮಾತು: ಫ್ರೀಮಾಂಟ್, ಎಡಿಸನ್‌ಗಳ ಇಂಡಿಯನ್ ಸ್ಟೋರುಗಳಲ್ಲಿ ರಾಗಿಹಿಟ್ಟೂ ಸಿಗುವಾಗ ಈ ಹೊರೆ ಯಾಕೆ? ಅಲ್ಲಿ ಸಿಗದ್ದನ್ನೇ ಒಯ್ಯಬೇಕೆಂದು ಯಾರೂ ವಿಧಿಸಿಲ್ಲ, ಉತ್ತರ ಅಷ್ಟೇ. ಎರಡನೆಯ ಆಕ್ಷೇಪ ಗಟ್ಟಿಯದು. ವಾಸ್ತವ್ಯ ಆರು ತಿಂಗಳವರೆಗೂ ಎಳೆಯಬಹುದು, ರಾಗಿ ಬಿತ್ತನೆಯ ಹೊತ್ತಿಗೆ ಮನೆಯವರು ಊರಲ್ಲಿರುವುದಿಲ್ಲ, ಹೊಲವನ್ನು ವಾರಕ್ಕೆ ಕೊಡಬೇಕು, ಹಸುವನ್ನು ತಮ್ಮನ ಕೊಟ್ಟಿಗೆಗೆ ಕಟ್ಟಬೇಕು. ತಯಾರಿ ಬೆಳೆಯುವುದು ಇದರಿಂದ ಎನ್ನುತ್ತಾರೆ. ಆದರೆ ಆರು ತಿಂಗಳು ಬೀದರ್‌ನವರಿಗೂ ಆರೇ ತಿಂಗಳು. ಇಬ್ಬರಿಗೂ ಸಮಾನವಾದ ಕಾರಣದಿಂದ ಒಬ್ಬರಲ್ಲಷ್ಟೇ ಕಾಣುವ ಕಾರ್ಯ ಹುಟ್ಟದು ಎಂಬುದನ್ನು ತರ್ಕದ ಮೊದಲ ಪಾಠ ಓದಿದವರೂ ಬಲ್ಲರು. ಮೂರನೆಯವರು ಚೆನ್ನೈಯನ್ನು ಮುಂದಿಡುತ್ತಾರೆ. ವಿಮಾನ ಹಿತ್ತಲಿನಿಂದಲೇ ಏರಿದರೂ ವೀಸಾ ಸಂದರ್ಶನಕ್ಕೆ ನಮ್ಮವರು ವರ್ಷಗಟ್ಟಲೆ ಚೆನ್ನೈಗೇ ಅಲೆದರು. 2025ರ ಜನವರಿಯಲ್ಲಿ ಬೆಂಗಳೂರಿನ ದೂತಾವಾಸ ಕಚೇರಿ ಉದ್ಘಾಟನೆಯಾದಾಗಲೂ ಅಲ್ಲಿ ವೀಸಾ ಸೇವೆ ಇರಲಿಲ್ಲ. ಹಾಗಿದ್ದ ಮೇಲೆ ದೂರವೇ ಕಾರಣವಲ್ಲವೇ? ವಾದಿಗಳು ತಾವೇ ತೋಡಿದ ಗುಂಡಿಗೆ ಬೀಳುವುದು ಇಲ್ಲೇ. ಚೆನ್ನೈ ಪ್ರಯಾಣದ ತಯಾರಿ ಒಂದು ಫೈಲು, ಒಂದು ಡಬ್ಬಿ ಮೊಸರನ್ನ. ದೂರವಿದ್ದುದರಿಂದಲೇ ಅದು ಅಷ್ಟಕ್ಕೆ ಮುಗಿಯಿತು.

ನಿಯಮಕ್ಕೆ ಅಪವಾದಗಳಿಲ್ಲದಿಲ್ಲ. ಭೌಗೋಳಿಕ ಸೂಚಿಕೆ ಪಡೆದ ದೇವನಹಳ್ಳಿ ಚಕ್ಕೋತ ನಿಲ್ದಾಣದ ಖಾಸಾ ನೆರೆಯವನು, ಆದರೂ ಅಮೆರಿಕದ ಕಸ್ಟಮ್ಸ್ ಪ್ರವಾಸಿಗಳ ಕೈಯಲ್ಲಿ ಹಸಿ ನಿಂಬೆಜಾತಿಯ ಹಣ್ಣನ್ನು ಒಳಬಿಡುವುದಿಲ್ಲ. (ಹತ್ತಿರವಿದ್ದವರಿಗೇ ಮದುವೆಯ ಕರೆಯೋಲೆ ತಪ್ಪುವುದುಂಟಲ್ಲ.) ಇಡೀ ಒಣಕೊಬ್ಬರಿಯದು ಇನ್ನೊಂದು ಪಾಡು: ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನಯಾನದ ನಿಯಮ ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದೆ. ತುರಿದು ಬಾಣಂತಿಯ ಅಂಟಿನುಂಡೆಯೊಳಗೆ ಅಡಗಿದ ಕೊಬ್ಬರಿಗೂ ಇದು ಅನ್ವಯಿಸುವುದೇ ಎಂಬಲ್ಲಿ ಅಜ್ಜಿಯರು ಒಂದು ಪಕ್ಷ, ಅಳಿಯಂದಿರು ಇನ್ನೊಂದು ಪಕ್ಷ.

ಭವಿಷ್ಯ ನುಡಿಯದ ಸಿದ್ಧಾಂತ ಸಿದ್ಧಾಂತವೇ ಅಲ್ಲವೆಂಬ ಆಧುನಿಕರ ಪಟ್ಟಿಗೂ ಈ ಪ್ರಬಂಧ ಮೈಯೊಡ್ಡುತ್ತದೆ. ಎರಡನೇ ವಿಮಾನ ನಿಲ್ದಾಣಕ್ಕೆಂದು 2025ರಲ್ಲಿ ಪರಿಶೀಲನೆಯಾದ ಮೂರು ಜಾಗಗಳಲ್ಲಿ ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿದೆ. ನೆಲಮಂಗಲದವರು ಇಂದು ನಗರದ ಅಂಚು ಸುತ್ತಿ ದೇವನಹಳ್ಳಿಗೆ ಹೋಗಬೇಕಾದ್ದರಿಂದ ಊಟಕ್ಕೆ ಮುಂಚೆಯೇ ಬ್ಯಾಗಿಗೆ ಬೀಗ ಹಾಕುತ್ತಾರೆ. ಅಲ್ಲಿ ರನ್‌ವೇ ಬಿದ್ದ ಮೊದಲ ಬೇಸಿಗೆಗೆ ಆ ಬೀಗ ಸಂಜೆಗೆ ಸರಿಯದಿದ್ದರೆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಗುವುದು. ಸರಿದರೆ ಆ ತಾಲ್ಲೂಕಿನಲ್ಲಿ ಟೆಂಪೊ ಟ್ರಾವೆಲರ್ ಇಟ್ಟುಕೊಂಡವರು ಬಾಡಿಗೆ ಏರಿಸಬಹುದು.