ಬೇಸಿಗೊಂದು ಬೇಷ್ ಇಲ್ಲ

ಮುಂಬಯಿ ಲೋಕಲಿನ ಮೂವರ ಸೀಟಿಗೆ ನಾಲ್ಕನೆಯವನೊಬ್ಬ ಇದ್ದೇ ಇರುತ್ತಾನೆ. ‘ಸರ್ಕೋ ಭಾಯ್’ ಅಂದು ತುದಿಗೆ ಅಂಟಿಕೊಂಡು ಕೂತವನ ಅರ್ಧ ಭಾರ ಸೀಟಿನ ಮೇಲೆ, ಉಳಿದರ್ಧ ದೇವರ ಮೇಲೆ. ಡೊಂಬಿವಲಿಯಿಂದ ಘಾಟ್ಕೋಪರಿನ ಆಫೀಸಿಗೆ ಹೋಗಿಬರುವ ನಾನು ವಾರಕ್ಕೆ ಆರು ದಿನ ಆ ನಾಲ್ಕನೆಯವ. ಏಳನೇ ದಿನ ನಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತೇನೆ. ಅಲ್ಲೂ ನಾಲ್ಕನೇ ಸೀಟೇ.

ಹಾಡುವವನಿಗೆ ಶಾಲು, ಹಾರ. ಕೀಬೋರ್ಡಿನವನಿಗೆ ‘ಏನು ಕೈ ಮಾರಾಯ್ರೆ ನಿಮ್ಮದು!’ ಎಂಬ ಹೊಗಳಿಕೆ. ಆಕ್ಟೊಪ್ಯಾಡಿನವನ ಸುತ್ತ ಮಕ್ಕಳ ಹಿಂಡು. ಲೀಡ್ ಗಿಟಾರಿನ ಹುಡುಗನ ಸುತ್ತ ಯಾರ ಹಿಂಡು ಅಂತ ನಾನು ಹೇಳಬೇಕಾಗಿಲ್ಲ. ನನ್ನ ಹತ್ತಿರ ಬಂದವರು ಕೇಳುವುದು ಒಂದೇ ಪ್ರಶ್ನೆ: ‘ನಾಲ್ಕೇ ತಂತಿ ಉಂಟಲ್ಲ, ಉಳಿದೆರಡು ತುಂಡಾಯ್ತಾ?’ ಮೊದಮೊದಲು ವಿವರಿಸುತ್ತಿದ್ದೆ. ಈಗ ‘ಹೌದು, ಬರುವ ತಿಂಗಳು ಹಾಕಿಸಬೇಕು’ ಅಂದುಬಿಡುತ್ತೇನೆ.

ಇದು ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ. 2025ರ ಜನವರಿಯಲ್ಲಿ ನವಿಮುಂಬಯಿಯ ನೆರೂಳಿನ ಡಿ. ವೈ. ಪಾಟೀಲ್ ಸ್ಟೇಡಿಯಮ್ಮಿಗೆ ಕೋಲ್ಡ್‌ಪ್ಲೇ ಬಂತಲ್ಲ, ಮೂರು ರಾತ್ರಿ ಊರಿಗೆ ಊರೇ ಅತ್ತ ಹರಿಯಿತು. ನಮ್ಮ ಆಫೀಸಿನಿಂದಲೂ ಕೆಲವರು ಸಾವಿರಗಟ್ಟಲೆ ಕೊಟ್ಟು ಹೋದರು. ಮರುದಿನ ಚಹಾದ ಹೊತ್ತಿಗೆ ನಾನು ಪರೀಕ್ಷೆ ಇಟ್ಟೆ. ಹಾಡುವ ಕ್ರಿಸ್ ಮಾರ್ಟಿನ್ ಎಲ್ಲರಿಗೂ ಗೊತ್ತು. ಬೇಸ್ ಬಾರಿಸಿದವ ಯಾರು? ‘ಬೇಸ್ ಇತ್ತಾ?’ ಅಂದರು. ಗೈ ಬೆರಿಮನ್ ಎಂಬ ಆ ಮಹಾನುಭಾವನ ಮೇಲೆ ನನಗೆ ಅಂದಿನಿಂದ ಅಣ್ಣನ ಮೇಲಿನಂಥ ಪ್ರೀತಿ.

ಹಾಗಂತ ಜನಕ್ಕೆ ಬೇಸ್ ಬೇಡವೇ? ಬೇಕು, ಬೇಕೇ ಬೇಕು! ಗಣೇಶೋತ್ಸವದ ಮಂಡಳದವರು ಫೋನಿನಲ್ಲಿ ಮೊದಲು ಹೇಳುವುದೇ ‘ಬೇಸ್ ಮಾತ್ರ ಜೋರಿರಬೇಕು, ಎದೆ ನಡುಗಬೇಕು’ ಅಂತ. ನಾನು ಉಬ್ಬಿಹೋಗಿ ಹೊಸ ತಂತಿ ಹಾಕಿಕೊಂಡು ಹೋದರೆ ಅವರು ಹೇಳಿದ್ದು ಡೀಜೆಯ ಬೀರುವಿನಂಥ ಪೆಟ್ಟಿಗೆಗಳ ಬಗ್ಗೆ. ನನ್ನನ್ನು ನೋಡಿ ‘ಇವರು ಯಾರು, ಸೈಡ್ ಗಿಟಾರಾ?’ ಅಂತ ಕೇಳಿದವರಿದ್ದಾರೆ. ಇನ್ನು ಥಾಣೆ, ಕಲ್ಯಾಣದಲ್ಲಿ ಗಲ್ಲಿಗೊಂದು ಕರಾಒಕೆ ಬಳಗ ಹುಟ್ಟಿಕೊಂಡಿದೆ. ನಿವೃತ್ತ ಬ್ಯಾಂಕ್ ಮ್ಯಾನೇಜರುಗಳು ಟ್ರ್ಯಾಕ್ ಹಾಕಿಕೊಂಡು ಕಿಶೋರ್ ಕುಮಾರ್ ಆಗುತ್ತಾರೆ. ಆ ಟ್ರ್ಯಾಕಿನೊಳಗೆ ಬೇಸೂ ಇರುತ್ತದೆ. ಅದಕ್ಕೆ ಊಟ ಹಾಕಬೇಕಿಲ್ಲ, ಆಟೋ ಬಾಡಿಗೆ ಕೊಡಬೇಕಿಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಸಹಿಸಿಕೊಳ್ಳಿ. ನನ್ನ ದಪ್ಪ ತಂತಿಯನ್ನು ಬರಿದೇ ಮೀಟಿದರೆ ಸೆಕೆಂಡಿಗೆ 41 ಸಲ ಅದುರುತ್ತದೆ. ಆ ಸ್ವರದ ಒಂದು ಅಲೆ ಎಂಟು ಮೀಟರಿಗೂ ಉದ್ದ. ನಮ್ಮ ಹಾಲು ಹದಿಮೂರು ಅಡಿ. ಅಂದರೆ ಅಲೆಯ ತಲೆ ನಮ್ಮ ಮನೆಯಲ್ಲಿ, ಹೊಟ್ಟೆ ಪಕ್ಕದ ಕಾಕಾನ ಮನೆಯಲ್ಲಿ, ಬಾಲ ಲಿಫ್ಟಿನ ಹತ್ತಿರ. ನಾನು ಮೆಲ್ಲಗೆ ಅಭ್ಯಾಸ ಮಾಡುತ್ತಿದ್ದೇನೆ ಅಂದುಕೊಂಡಿರುತ್ತೇನೆ, ಕಾಕಾನ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ತಾಳ ಹಾಕುತ್ತಿರುತ್ತವೆ. ಇಷ್ಟು ದೊಡ್ಡ ಅಲೆ ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರಿನಿಂದ ಹೊರಡುವುದಾದರೂ ಹೇಗೆ? ಕಾರ್ಯಕ್ರಮದ ವಿಡಿಯೋ ನೋಡಿ ಹೆಂಡತಿ ಹೇಳುತ್ತಾಳೆ: ‘ನೀವು ಕಾಣ್ತೀರಿ, ಕೇಳುವುದಿಲ್ಲ.’ ಮನೆಯಲ್ಲಿ ಇದರ ಉಲ್ಟಾ ಆದರೆ ಒಳ್ಳೆಯದಿತ್ತು ಎಂಬ ಧ್ವನಿಯೂ ಅದರಲ್ಲಿ ಇರುತ್ತದೆ.

1981ರ ‘ಗೀತಾ’ ಚಿತ್ರದಲ್ಲಿ ಎಸ್ಪಿಬಿ, ಜಾನಕಿ ಹಾಡಿದ ಯುಗಳಗೀತೆಯನ್ನು ಒಮ್ಮೆ ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ. ಇಳಯರಾಜಾ ಕೆಳಗೆ ಬೇಸಿನಿಂದ ಇನ್ನೊಂದೇ ಹಾಡು ಹಾಡಿಸಿದ್ದಾರೆ. ನಮ್ಮ ಕನ್ನಡ ಕಾರ್ಯಕ್ರಮಗಳಲ್ಲಿ ಅದು ಬಾರದ ದಿನವಿಲ್ಲ, ಆ ಐದು ನಿಮಿಷ ನಾನು ನಾಲ್ಕನೆಯವನಲ್ಲ. ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ ಅನ್ನುವುದು ಬೇರೆ ಮಾತು.

ಈ ಹುಚ್ಚಿಗೆ ಖರ್ಚು ಎಷ್ಟು ಅಂತ ಕೇಳಬೇಡಿ, ಪತ್ರಿಕೆ ಮನೆಗೂ ಬರುತ್ತದೆ. ತಂತಿಯದ್ದೊಂದು ಹೇಳಬಹುದು. ಇಷ್ಟು ದಪ್ಪದ ನಾಲ್ಕು ತಂತಿಗೆ ಎರಡು ಸಾವಿರದ ಹತ್ತಿರ ಬೀಳುತ್ತದೆ. ಉಕ್ಕಿನ ತಂತಿಗೆ ಇನ್ನೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ, ಆ ಸಂದಿಯಲ್ಲಿ ಬೆವರು, ಧೂಳು, ವಡಾಪಾವಿನ ಎಣ್ಣೆ ಎಲ್ಲ ಸೇರಿ ಮೂರು ತಿಂಗಳಿಗೆ ನಾದ ಕಂಬಳಿ ಹೊದ್ದು ಮಲಗುತ್ತದೆ. ಬಡವನ ಉಪಾಯವೆಂದರೆ ತಂತಿ ಬಿಚ್ಚಿ ಕುದಿಸುವುದು. ಹತ್ತು ನಿಮಿಷ ಕುದಿಸಿ, ನೀರಿನ ಪಸೆ ಇಲ್ಲದಂತೆ ಒರೆಸಿ ಒಣಗಿಸಿದರೆ ಇನ್ನು ಕೆಲವು ವಾರ ಫಳಫಳ ನುಡಿಯುತ್ತದೆ. ಹೀಗೊಂದು ಭಾನುವಾರ ಕುಂದಾಪುರದಿಂದ ಬಂದಿದ್ದ ಅತ್ತೆ ಅಡುಗೆಮನೆಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು, ಸುರುಳಿ ಸುತ್ತಿಕೊಂಡು ಕುಣಿಯುತ್ತಿದ್ದ ತಂತಿಗಳನ್ನು ಬಹಳ ಹೊತ್ತು ನೋಡಿದರು. ‘ಶ್ಯಾವಿಗೆಯಾ ಅಳಿಯಂದಿರೇ? ನಮ್ಮಲ್ಲಿ ಇಷ್ಟು ದಪ್ಪ ಒತ್ತುವುದಿಲ್ಲ’ ಅಂದರು. ನೀರಿನ ಮೇಲೆ ತೇಲುತ್ತಿದ್ದ ಕಪ್ಪು ಕಿಟ್ಟ ಕಂಡ ಮೇಲೆ ಅವರು ಆ ಪಾತ್ರೆಯಲ್ಲಿ ಮಾಡಿದ ಸಾರು ಉಣ್ಣಲಿಲ್ಲ.

ಪ್ರಯಾಣದ ಕತೆ ಇನ್ನೊಂದು. 1951ರಲ್ಲಿ ಲಿಯೊ ಫೆಂಡರ್ ಎಂಬ ಅಮೆರಿಕದ ರೇಡಿಯೋ ರಿಪೇರಿಯವ ಪ್ರಿಸಿಷನ್ ಬೇಸ್ ತಯಾರಿಸುವ ತನಕ ವಾದ್ಯಗೋಷ್ಠಿಯವರು ಆಳೆತ್ತರದ ಡಬಲ್ ಬೇಸ್ ಹೊರಬೇಕಿತ್ತು. ಅದನ್ನು ಹೊತ್ತು ಸಂಜೆ ಆರಕ್ಕೆ ಥಾಣೆಯಲ್ಲಿ ಲೋಕಲ್ ಹತ್ತುವುದನ್ನು ಊಹಿಸಿಕೊಂಡಾಗಲೆಲ್ಲ ಆ ಪುಣ್ಯಾತ್ಮನಿಗೆ ಕೈಮುಗಿಯುತ್ತೇನೆ. ನನ್ನದು ನಾಲ್ಕು ಕಿಲೊ, ಆದರೂ ಬ್ಯಾಗಿನ ತಲೆ ನನ್ನ ತಲೆಗಿಂತ ಒಂದು ಗೇಣು ಮೇಲೆ. ಜನರಲ್ ಡಬ್ಬದಲ್ಲಿ ಬೈಗುಳ ಖಾತ್ರಿ, ಹಾಗಾಗಿ ಲಗೇಜ್ ಡಬ್ಬ. ಅಲ್ಲಿ ಮೀನಿನ ಬುಟ್ಟಿಯ ಮಾವಶಿಯರ ರಾಜ್ಯಭಾರ. ‘ಕಾಯ್ ರೇ, ಬಂದೂಕ್ ಆಹೇ ಕಾ?’ ಅಂತ ಒಬ್ಬಳು ಕೇಳಿದಳು. ಗಿಟಾರ್ ಅಂದೆ. ‘ಮಗ ವಾಜವ್’ ಅಂದಳು. ಬಾರಿಸಿ ತೋರಿಸಿದೆ. ಕರೆಂಟಿಲ್ಲದ ಬೇಸ್ ಎಷ್ಟು ಸದ್ದು ಮಾಡೀತು? ಅವಳು ಕಿವಿ ಹತ್ತಿರ ತಂದು, ‘ಬಿಘಡ್ಲಾ ವಾಟ್ತಂ’ ಅಂತ ಕನಿಕರಪಟ್ಟಳು. ಕೆಟ್ಟದ್ದು ಗಿಟಾರಲ್ಲ, ಬ್ಯಾಗು. ಥಾಣೆಯಲ್ಲಿ ಸೇತುವೆ ಹತ್ತಿ ಇಳಿದು ವಾಶಿಯ ಗಾಡಿ ಹಿಡಿದಾಗಲೇ ಗೊತ್ತಾಯಿತು, ತಳಕ್ಕೆಲ್ಲ ಬೊಂಬಿಲ್ ಮೀನಿನ ನೀರು. ಅವತ್ತು ನಮ್ಮದು ದೇವಸ್ಥಾನದಲ್ಲಿ ದಾಸರ ಪದಗಳ ಕಾರ್ಯಕ್ರಮ. ಭಟ್ಟರು ಎರಡು ಸಲ ಅಗರಬತ್ತಿ ಹಚ್ಚಿದರು.

ಸ್ಟೇಜಿಗೆ ಹತ್ತಿದ ಮೇಲೂ ಸುಖವಿಲ್ಲ. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಮಂದಿರ, ಕಲ್ಯಾಣದ ಅತ್ರೆ ರಂಗಮಂದಿರ, ವಾಶಿಯ ಭಾವೆ ನಾಟ್ಯಗೃಹ ಇವೆಲ್ಲ ದೊಡ್ಡವರ ಜಾಗ. ನಮಗೆ ಸೊಸೈಟಿಯ ಅಂಗಳ, ಶಾಲೆಯ ಸಭಾಂಗಣ, ಆಗ್ರಿಗಳ ಮದುವೆಯ ಅರಿಶಿನದ ರಾತ್ರಿ. ಅಲ್ಲಿ ನನಗೆ ಆಂಪ್ ಇರುವುದಿಲ್ಲ. ಸೌಂಡಿನವನ ಹುಡುಗ ಒಂದು ಪಿ-38 ಪಿನ್ನಿನ ವೈರು ಎಸೆದು ‘ಡೈರೆಕ್ಟ್ ಮಾರೋ’ ಅನ್ನುತ್ತಾನೆ. ಅರ್ಥಿಂಗ್ ದೇವರಿಗೇ ಪ್ರೀತಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುವಂಥದ್ದು, ಸ್ಪೀಕರಿನಲ್ಲಿ ‘ಗುಂಯ್’ ಅನ್ನುವುದು ಅದೇ. ನನ್ನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಅಂದರೆ ಇಡೀ ರಾತ್ರಿ ಯಾರೋ ನನ್ನ ಬೆನ್ನ ಹಿಂದೆ, ಕೂದಲೆಳೆಯಷ್ಟು ಅಪಶ್ರುತಿಯಲ್ಲಿ, ಶ್ರುತಿಪೆಟ್ಟಿಗೆ ಹಿಡಿದು ಕೂತಂತೆ. ಹಾಡುಗಾರ ‘ಜಿ ಸ್ಕೇಲಿನಲ್ಲಿ ಹೋಗುವ’ ಅಂದರೆ ನನಗೆ ಬೆವರು.

ಈಗ ಒಂದು ಕಾರ್ಯಕ್ರಮದ ದಿನದ ಸಂಗತಿ. ನನ್ನ ಸೆಕೆಂಡ್‌ಹ್ಯಾಂಡ್ ಐಬಾನೆಜಿನ ಹೊಟ್ಟೆಯೊಳಗೆ ಒಂಬತ್ತು ವೋಲ್ಟಿನ ಬ್ಯಾಟರಿ ಉಂಟು. ವೈರು ಚುಚ್ಚಿದ ಕೂಡಲೇ ಅದು ಚಾಲೂ, ತೆಗೆಯುವ ತನಕ ಕರಗುತ್ತಲೇ ಇರುತ್ತದೆ. ಹಿಂದಿನ ರಾತ್ರಿ ವೈರು ತೆಗೆಯದೆ ಮಲಗಿದ್ದೆ. ಕಾರ್ಯಕ್ರಮದಲ್ಲಿ ಎರಡನೇ ಹಾಡಿಗೆ ಬೇಸ್ ಗೊರ್‌ಗೊರ್ ಅಂದು ಪ್ರಾಣ ಬಿಟ್ಟಿತು. ಎರಡು ಹಾಡು ಸುಮ್ಮನೆ ಬೆರಳು ಆಡಿಸಿದೆ. ಯಾರಿಗೂ ಗೊತ್ತಾಗಲಿಲ್ಲ, ನಮ್ಮ ಕೀಬೋರ್ಡಿನವನಿಗೂ! ಮುಂದಿನ ಸಾಲಿನ ಒಬ್ಬ ಅಜ್ಜ ಮಾತ್ರ ಫ್ಯಾನಿನ ಕಡೆ ನೋಡಿ, ‘ಕರೆಂಟ್ ಡಿಮ್ ಆಯ್ತಾ?’ ಅಂದರಂತೆ. ಈತನಕ ನನಗೆ ಸಿಕ್ಕಿದ ಅತ್ಯಂತ ದೊಡ್ಡ ಪ್ರಶಸ್ತಿ ಅದು.

ಸನ್ಮಾನದ ವಿರಾಮದಲ್ಲಿ ಬ್ಯಾಟರಿ ಹುಡುಕಿದೆ. ರಾತ್ರಿ ಎಂಟೂವರೆ, ಅಂಗಡಿ ದೂರ. ಹತ್ತಕ್ಕೆ ಮೈಕ್ ಬಂದ್ ಮಾಡಲೇಬೇಕು, ಅದು 2000ನೇ ಇಸವಿಯಿಂದ ಇರುವ ಕಾನೂನು. ಮೇಜಿನ ಮೇಲೆ ಒಂದು ಕಾರ್ಡ್‌ಲೆಸ್ ಮೈಕ್ ಅನಾಥವಾಗಿ ಬಿದ್ದಿತ್ತು. ಬಿಚ್ಚಿ ನೋಡಿದರೆ ಅದರೊಳಗೂ ಅದೇ ಒಂಬತ್ತು ವೋಲ್ಟ್. ಅದನ್ನು ತೆಗೆದು, ನನ್ನ ಹೆಣವನ್ನು ಅಲ್ಲಿಟ್ಟು ಬಂದೆ. ಐದು ನಿಮಿಷದಲ್ಲಿ ಮುಖ್ಯ ಅತಿಥಿಗಳು ಅದೇ ಮೈಕ್ ಹಿಡಿದು ‘ಕನ್ನಡ ಉಳಿಯಬೇಕಾದರೆ’ ಅಂದರು. ಅಷ್ಟೇ, ಮುಂದೆ ಉಳಿಯಲಿಲ್ಲ. ಮೈಕ್ ತಟ್ಟಿದರು, ಊದಿದರು, ಕೊನೆಗೆ ನಮಸ್ಕಾರ ಮಾಡಿ ಕೂತರು. ಅರ್ಧ ಗಂಟೆಯ ಭಾಷಣ ಅರ್ಧ ನಿಮಿಷಕ್ಕೆ ಮುಗಿದದ್ದಕ್ಕೆ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅಂಥ ಚಪ್ಪಾಳೆ ನಮ್ಮ ಹಾಡುಗಾರನಿಗೂ ಬಿದ್ದದ್ದಿಲ್ಲ. ಅದು ಸಲ್ಲಬೇಕಾದವ ಸ್ಟೇಜಿನ ಮೂಲೆಯಲ್ಲಿ ಬ್ಯಾಟರಿಯ ಮುಚ್ಚಳ ಹಾಕುತ್ತಿದ್ದ.

ಬರುವ ಭಾನುವಾರ ವಾಶಿಯಲ್ಲಿ ಮತ್ತೆ ಕಾರ್ಯಕ್ರಮ ಉಂಟು. ಈ ಸಲ ಬ್ಯಾಟರಿ ಎರಡು ಇಟ್ಟುಕೊಂಡಿದ್ದೇನೆ. ಬೊಂಬಿಲಿನ ಭಯಕ್ಕೆ ಜನರಲ್ ಡಬ್ಬವನ್ನೇ ಹತ್ತುತ್ತೇನೆ. ಡೊಂಬಿವಲಿಯಲ್ಲಿ ತಲೆಗಿಂತ ಎತ್ತರದ ಕಪ್ಪು ಬ್ಯಾಗಿನವ ಹತ್ತಿದರೆ, ದಯವಿಟ್ಟು ಸ್ವಲ್ಪ ಸರಿದು ಕೂತುಕೊಳ್ಳಿ.