ಗಡುವಿನ ಗಡ್ಡ

(ಬೆಂಗಳೂರಿನ ಕ್ಷೌರದಂಗಡಿ. ಮೇಷ್ಟ್ರ ಮುಖದ ತುಂಬ ನೊರೆ.)

ನಿಂಗಣ್ಣ: ನಮ್ಮ ಕಾರ್ಪೊರೇಟರ್ ಎಲ್ಲಿ ಹೋಗಿದ್ದ ಮೇಷ್ಟ್ರೇ, ಕಾಣ್ತಾನೇ ಇರ್ಲಿಲ್ಲ?

ಮೇಷ್ಟ್ರು: 2015ರಲ್ಲಿ ಆರಿಸಿದ್ವಿ, 2020ಕ್ಕೆ ಅವಧಿ ಮುಗೀತು.

ನಿಂಗಣ್ಣ: ಮುಗಿಯೋಕೆ ಮುಂಚೇನೇ ಎಲೆಕ್ಷನ್ ಆಗ್ಬೇಕಂತಲ್ಲ?

ಮೇಷ್ಟ್ರು: ಸಂವಿಧಾನದಲ್ಲಿ 243-ಯು ಅಂತ ಕಲಮೇ ಇದೆ.

ನಿಂಗಣ್ಣ: ಓ, ಅದಕ್ಕೇ 198 ವಾರ್ಡನ್ನ 243 ಮಾಡಿದ್ರು! ಕಲಂ ಪಾಲಿಸಿದ್ರು ಬಿಡಿ.

ಮೇಷ್ಟ್ರು: ಆಮೇಲೆ 225 ಆಯ್ತಲ್ಲಯ್ಯ?

ನಿಂಗಣ್ಣ: ಟ್ರಿಮ್ಮಿಂಗು!

ಮೇಷ್ಟ್ರು: 2025ರಲ್ಲಿ ಒಂದು ಪಾಲಿಕೆ ಐದಾಯ್ತು.

ನಿಂಗಣ್ಣ: ಎಲೆಕ್ಷನ್ ತಪ್ಪಿಸಿದ ವರ್ಷಕ್ಕೊಂದು ಅನ್ನಿ. ಕೋರ್ಟು ಗಡುವು ಕೊಟ್ಟಿರ್ಲಿಲ್ವಾ?

ಮೇಷ್ಟ್ರು: ಕೊಟ್ಟಿತ್ತು. ಸರ್ಕಾರದವರು ಇನ್ನಷ್ಟು ಟೈಮ್ ಕೇಳಿದ್ರು.

ನಿಂಗಣ್ಣ: ಗಡುವೂ ಗಡ್ಡ ಇದ್ದಂಗೆ, ತೆಗೆದಷ್ಟೂ ಬೆಳೆಯುತ್ತೆ.

ಮೇಷ್ಟ್ರು: ಅಯ್ಯೋ, ಅರ್ಧಕ್ಕೇ ನಿಲ್ಲಿಸಿದ್ಯಲ್ಲೋ!

ನಿಂಗಣ್ಣ: ನಿಮ್ಮ ಕೆನ್ನೆ ಮರುವಿಂಗಡಣೆ ಆಗ್ತಿದೆ, ಆರು ತಿಂಗಳು ಬಿಟ್ಟು ಬನ್ನಿ. ದುಡ್ಡು ಈಗ್ಲೇ ಕೊಡಿ. ಕಾರ್ಪೊರೇಟರ್ ಇಲ್ದಿದ್ರೂ ಕಂದಾಯ ತಪ್ಪಲಿಲ್ವಲ್ಲ!